ಡಯಾಲಿಸಿಸ್ ಕಂಪನಿಗಳು ಬೆಳೆಯುವುದು ಹೇಗೆ? ಮಂಗಳೂರು–ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಪತ್ರೆಯ ವರಾಂಡದಲ್ಲಿ, ಮದುವೆ ಮನೆಯಲ್ಲಿ, ಪತ್ರಗಳಲ್ಲಿ, ಕಾಮೆಂಟ್‌ಗಳಲ್ಲಿ ನನಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಕೇಳಿದವರಲ್ಲಿ ಹೆಚ್ಚಿನವರು ರೋಗಿಗಳ ಮನೆಯವರು. ಕೆಲವರಿಗೆ ಊರಲ್ಲೊಂದು ಸೆಂಟರ್ ತೆರೆಯುವ ಆಸೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೆಯೇ ಇಟ್ಟಿದ್ದೇನೆ. ಔಷಧಿ, ಆಹಾರ, ಡಯಾಲಿಸಿಸ್ ದಿನ ಯಾವುದನ್ನೇ ಬದಲಿಸುವ ಮೊದಲು ನಿಮ್ಮ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞ ಡಾಕ್ಟರು) ಹತ್ತಿರ ಮಾತಾಡಿ. ಇಲ್ಲಿರುವುದು ಆ ಮಾತುಕತೆಗೆ ತಯಾರಿ ಮಾತ್ರ.

## ಮೊದಲು ಗೊತ್ತಿರಬೇಕಾದದ್ದು

ಡಯಾಲಿಸಿಸ್ ಅಂದ್ರೆ ಎಂತ? ಒಮ್ಮೆ ಶುರು ಮಾಡಿದ್ರೆ ಮತ್ತೆ ಬಿಡ್ಲಿಕ್ಕೆ ಆಗುದಿಲ್ವಾ?

ಕಿಡ್ನಿ ಮಾಡಬೇಕಾದ ಕೆಲಸದ ಒಂದು ಭಾಗವನ್ನು ಮೆಷಿನ್ ಮಾಡುತ್ತದೆ. ರಕ್ತವನ್ನು ದೇಹದಿಂದ ಹೊರಗೆ ತಂದು, ಡಯಲೈಸರ್ ಎಂಬ ಕೊಳವೆಯೊಳಗೆ ಹಾಯಿಸುತ್ತಾರೆ. ಅದರೊಳಗೆ ಕೂದಲಿನಷ್ಟು ತೆಳುವಾದ ಸಾವಿರಾರು ಎಳೆಗಳಿರುತ್ತವೆ. ಎಳೆಗಳ ಒಳಗೆ ರಕ್ತ, ಹೊರಗೆ ಶುದ್ಧ ನೀರಿನಲ್ಲಿ ಲವಣ ಬೆರೆಸಿದ ದ್ರಾವಣ. ಯೂರಿಯಾ, ಪೊಟ್ಯಾಶಿಯಂನಂಥವು ರಕ್ತದಿಂದ ದ್ರಾವಣಕ್ಕೆ ಹೋಗುತ್ತವೆ. ದೇಹದಲ್ಲಿ ಜಾಸ್ತಿಯಾದ ನೀರನ್ನೂ ಮೆಷಿನ್ ಎಳೆದು ತೆಗೆಯುತ್ತದೆ. ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ ಬೇಕು.

ಬಿಡಲು ಆಗುತ್ತದೋ ಇಲ್ಲವೋ ಎಂಬುದು ಕಿಡ್ನಿ ಯಾಕೆ ಕೆಟ್ಟಿತು ಎಂಬುದರ ಮೇಲಿದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಇಲಿಜ್ವರ ಬರುತ್ತದೆ. ಅದು ಜೋರಾದರೆ ಕಿಡ್ನಿ ಏಕಾಏಕಿ ನಿಲ್ಲಬಹುದು. ಹಾವು ಕಚ್ಚಿದಾಗಲೂ ಹೀಗಾಗುವುದುಂಟು. ಇಂಥವರಲ್ಲಿ ಹೆಚ್ಚಿನವರಿಗೆ ಕೆಲವು ದಿನ ಅಥವಾ ಕೆಲವು ವಾರ ಡಯಾಲಿಸಿಸ್ ಮಾಡಿದರೆ ಕಿಡ್ನಿ ಮತ್ತೆ ಕೆಲಸ ಶುರು ಮಾಡುತ್ತದೆ. ಸಕ್ಕರೆ ಕಾಯಿಲೆ, ಬಿಪಿಯಿಂದ ವರ್ಷಗಟ್ಟಲೆ ಸವೆದ ಕಿಡ್ನಿಯ ಕತೆ ಬೇರೆ. ಅಲ್ಲಿ ಡಯಾಲಿಸಿಸ್ ಮುಂದುವರಿಯಬೇಕು, ಇಲ್ಲವೇ ಕಿಡ್ನಿ ಕಸಿ ಆಗಬೇಕು. ಡಯಾಲಿಸಿಸ್ ಮಾಡಿದ್ದರಿಂದಲೇ ಕಿಡ್ನಿ ಹೋಯಿತು ಎಂಬ ಮಾತು ಊರಲ್ಲಿ ತುಂಬಾ ಓಡಾಡುತ್ತದೆ. ಆ ಹೆದರಿಕೆಯಿಂದ ತಡ ಮಾಡಿ, ಉಸಿರು ಕಟ್ಟುವ ಸ್ಥಿತಿಯಲ್ಲಿ ಆಸ್ಪತ್ರೆಗೆ ಬರುವವರಿದ್ದಾರೆ. ದಯವಿಟ್ಟು ಹಾಗೆ ಕಾಯಬೇಡಿ.

ನಮ್ಮ ಅಮ್ಮನಿಗೆ ವಾರಕ್ಕೆ ಎರಡೇ ಸಲ ಮಾಡ್ತಾರೆ. ಬೇರೆಯವರಿಗೆ ಮೂರು ಸಲ. ಯಾವುದು ಸರಿ?

ಜಗತ್ತಿನ ಹೆಚ್ಚಿನ ಕಡೆ ರೂಢಿಯಲ್ಲಿರುವುದು ವಾರಕ್ಕೆ ಮೂರು ಸಲ. ನಮ್ಮ ದೇಶದಲ್ಲಿ ಎರಡು ಸಲ ಮಾಡಿಸುವವರೇ ತುಂಬಾ ಜನ. ಸ್ವಂತ ಮೂತ್ರ ಇನ್ನೂ ಚೆನ್ನಾಗಿ ಹೋಗುತ್ತಿರುವ ಕೆಲವರಿಗೆ ಎರಡು ಸಲ ಸಾಕಾಗಬಹುದು, ಅದನ್ನು ಡಾಕ್ಟರು ಪರೀಕ್ಷೆ ಮಾಡಿ ಹೇಳುತ್ತಾರೆ. ಆದರೆ ಹಲವರ ವಿಷಯದಲ್ಲಿ ಎರಡು ಸಲ ಎಂದು ತೀರ್ಮಾನಿಸಿದ್ದು ಡಾಕ್ಟರಲ್ಲ, ಮನೆಯ ಜೇಬು ಮತ್ತು ಬಸ್ಸಿನ ದೂರ. ಕಂಪನಿಗಳ ಬೆಳವಣಿಗೆ ಬಗ್ಗೆ ಮುಂದೆ ಏನೇ ಹೇಳಿದರೂ ನನ್ನ ಮನಸ್ಸಿನಲ್ಲಿರುವ ಅಳತೆ ಇದೇ: ಎರಡು ಸಲಕ್ಕೆ ನಿಂತ ರೋಗಿಗೆ ಮೂರನೆಯ ಸಲ ಸಿಕ್ಕಿತೇ, ಅದೂ ಮನೆಯ ಹತ್ತಿರ ಸಿಕ್ಕಿತೇ?

ಬೊಂಡ ಕುಡಿಯಬಹುದಾ? ಗಂಜಿಗೆ ಉಪ್ಪಿನಕಾಯಿ, ಒಣಮೀನು?

ನಮ್ಮೂರಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಮೊದಲು ಕೊಡುವುದು ಎಳನೀರು. ಡಯಾಲಿಸಿಸ್ ರೋಗಿಗೆ ಅದೇ ಅಪಾಯ. ಎಳನೀರಿನಲ್ಲಿ ಪೊಟ್ಯಾಶಿಯಂ ಜಾಸ್ತಿ. ರಕ್ತದಲ್ಲಿ ಪೊಟ್ಯಾಶಿಯಂ ಏರಿದರೆ ಹೃದಯದ ಬಡಿತ ತಪ್ಪಿ ಪ್ರಾಣಕ್ಕೇ ಕುತ್ತು ಬರಬಹುದು. ಬಾಳೆಹಣ್ಣು, ಹಲಸಿನಹಣ್ಣಿಗೂ ಇದೇ ಎಚ್ಚರ ಬೇಕು. ಉಪ್ಪಿನಕಾಯಿ, ಒಣಮೀನು, ಹಪ್ಪಳದಲ್ಲಿ ಉಪ್ಪು. ಉಪ್ಪು ತಿಂದರೆ ಬಾಯಾರಿಕೆ, ಬಾಯಾರಿದರೆ ನೀರು, ನೀರು ಜಾಸ್ತಿಯಾದರೆ ಕಾಲು ಊತ, ಉಸಿರಾಟದ ತೊಂದರೆ. ಗಂಜಿಯ ತಿಳಿಯನ್ನೂ ಆ ದಿನದ ನೀರಿನ ಲೆಕ್ಕಕ್ಕೇ ಸೇರಿಸಬೇಕು.

ದಾರೆಹುಳಿ (ಸ್ಟಾರ್ ಫ್ರೂಟ್) ಮಾತ್ರ ಪೂರ್ತಿ ಬಿಡಬೇಕು. ಚಟ್ನಿಯಲ್ಲೂ ಬೇಡ, ಜ್ಯೂಸಿನಲ್ಲೂ ಬೇಡ. ಅದರಲ್ಲಿರುವ ವಿಷವನ್ನು ಆರೋಗ್ಯವಂತರ ಕಿಡ್ನಿ ಹೊರಗೆ ಹಾಕುತ್ತದೆ. ಕಿಡ್ನಿ ಕೆಟ್ಟವರಲ್ಲಿ ಅದು ಮಿದುಳಿಗೆ ಏರುತ್ತದೆ. ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬರುತ್ತವೆ, ಸಾವೂ ಆಗಿದೆ. ಹಿತ್ತಿಲಲ್ಲಿ ಮರ ಇರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಈ ಒಂದು ವಿಷಯವನ್ನು ಅಕ್ಕಪಕ್ಕದವರಿಗೂ ಹೇಳಿ.

## ಖರ್ಚು, ಕಾರ್ಡು, ದೂರ

ಸರಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಫ್ರೀ ಅಂತಾರೆ. ಹಾಗಾದ್ರೆ ಅಲ್ಲಿ ಕಂಪನಿಯ ಬೋರ್ಡ್ ಯಾಕೆ ಉಂಟು?

2016ರ ಕೇಂದ್ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿದರು. ಆ ಭಾಷಣದಲ್ಲೇ ಲೆಕ್ಕ ಇತ್ತು: ದೇಶದಲ್ಲಿ ವರ್ಷಕ್ಕೆ ಸುಮಾರು 2.2 ಲಕ್ಷ ಹೊಸ ರೋಗಿಗಳು, ಅವರಿಂದ 3.4 ಕೋಟಿ ಡಯಾಲಿಸಿಸ್‌ಗಳ ಹೆಚ್ಚುವರಿ ಬೇಡಿಕೆ, ಇರುವ ಸೆಂಟರ್‌ಗಳು ಸುಮಾರು 4,950. ಅವು ಹೆಚ್ಚಾಗಿ ಖಾಸಗಿ, ಅದೂ ದೊಡ್ಡ ಊರುಗಳಲ್ಲಿ. ಬೇಡಿಕೆಯ ಅರ್ಧ ಮಾತ್ರ ಈಡೇರುತ್ತಿತ್ತು.

ಅದನ್ನು ತುಂಬಲು ಆರಿಸಿಕೊಂಡ ದಾರಿ ಸರಕಾರಿ–ಖಾಸಗಿ ಸಹಭಾಗಿತ್ವ. ಜಾಗ, ಕರೆಂಟು, ನೀರು ಸರಕಾರಿ ಆಸ್ಪತ್ರೆಯದ್ದು. ಮೆಷಿನ್, ನೀರು ಶುದ್ಧ ಮಾಡುವ ಆರ್‌ಒ ಘಟಕ, ಟೆಕ್ನಿಷಿಯನ್, ಡಯಲೈಸರ್, ಸೂಜಿ ಎಲ್ಲ ಕಂಪನಿಯದ್ದು. ಮಾಡಿದ ಪ್ರತಿ ಡಯಾಲಿಸಿಸ್‌ಗೆ ಇಷ್ಟು ಎಂದು ಸರಕಾರ ಕಂಪನಿಗೆ ಕೊಡುತ್ತದೆ. ಬಿಪಿಎಲ್ ರೋಗಿ ಕೊಡಬೇಕಾದದ್ದು ಏನೂ ಇಲ್ಲ. ಆದ್ದರಿಂದ ಬೋರ್ಡ್ ನೋಡಿ ಗಾಬರಿ ಬೀಳಬೇಡಿ. ಯಾರಾದರೂ ಹಣ ಕೇಳಿದರೆ ಆಸ್ಪತ್ರೆಯ ಮೇಲಧಿಕಾರಿಗೆ ಬರವಣಿಗೆಯಲ್ಲಿ ದೂರು ಕೊಡಿ.

ನಮ್ಮದು ಎಪಿಎಲ್ ಕಾರ್ಡ್. ನಮಗೆ ಏನೂ ಸಿಗುದಿಲ್ವಾ?

ಸಿಗುತ್ತದೆ, ಕಡಿಮೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷ ಮೀರದಂತೆ. ಉಳಿದದ್ದು ಕೈಯಿಂದ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಡಯಾಲಿಸಿಸ್ ಶುರುವಾಗುವ ಮೊದಲೇ ಅವರನ್ನು ಕಂಡು ಕಾಗದಪತ್ರ ಸರಿಮಾಡಿಕೊಳ್ಳಿ.

ಬೈಂದೂರಿನಿಂದ ಮಣಿಪಾಲಕ್ಕೋ ಮಂಗಳೂರಿಗೋ ಹೋಗುವುದಾ, ಹತ್ತಿರದ ಸಣ್ಣ ಸೆಂಟರಾ?

ಬೈಂದೂರಿನವರು ಕೇಳಿದ್ದು ಇದು. ಸುಳ್ಯ, ಹೆಬ್ರಿ ಕಡೆಯವರೂ ಬೇರೆ ಬೇರೆ ಊರಿನ ಹೆಸರಿಟ್ಟು ಇದನ್ನೇ ಕೇಳುತ್ತಾರೆ.

ನಾಲ್ಕು ಗಂಟೆಯ ಡಯಾಲಿಸಿಸ್‌ಗೆ ರೋಗಿಯ ಇಡೀ ದಿನ ಹೋಗುತ್ತದೆ. ಬೆಳಿಗ್ಗೆ ಎದ್ದು ಬಸ್ಸು ಹಿಡಿಯಬೇಕು. ಮುಗಿದ ಮೇಲೆ ತಲೆ ಸುತ್ತು, ಸ್ನಾಯು ಸೆಳೆತ. ಮತ್ತೆ ಅದೇ ದೂರ ವಾಪಸ್. ಜೊತೆಗೆ ಮನೆಯ ಇನ್ನೊಬ್ಬರ ಒಂದು ದಿನದ ಸಂಬಳವೂ ಹೋಗುತ್ತದೆ. ಮಹಿಳೆಯರಿಗೆ 2023ರಿಂದ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಇದೆ, ಆದರೆ ಉಡುಪಿ–ಮಂಗಳೂರು ದಾರಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಬಡ ಮನೆಯವರಿಗೆ ಡಯಾಲಿಸಿಸ್ ಉಚಿತವಾದ ಮೇಲೂ ತಿಂಗಳ ಖರ್ಚು ಕೈಗೆ ಹತ್ತದಿರಲು ಈ ಓಡಾಟವೇ ಕಾರಣ.

ಹಾಗಾಗಿ ನನ್ನ ಅಭಿಪ್ರಾಯ ಹೀಗೆ. ಮೊದಲ ಕೆಲವು ವಾರ, ಸ್ಥಿತಿ ಏರುಪೇರಾಗುತ್ತಿರುವಾಗ, ಐಸಿಯು ಮತ್ತು ನೆಫ್ರಾಲಜಿಸ್ಟ್ ಇರುವ ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸಿ. ಮಂಗಳೂರು, ದೇರಳಕಟ್ಟೆ, ಮಣಿಪಾಲಗಳಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ನಮ್ಮ ಭಾಗ್ಯ ಅದು. ಸ್ಥಿತಿ ನೆಲೆಗೆ ಬಂದ ಮೇಲೆ ತಾಲೂಕು ಆಸ್ಪತ್ರೆಯಲ್ಲಿ ಅಥವಾ ಹತ್ತಿರದ ಸೆಂಟರ್‌ನಲ್ಲಿ ಜಾಗ ಕೇಳಿ. ನಡುನಡುವೆ ದೊಡ್ಡ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬನ್ನಿ. ದೊಡ್ಡ ಹೆಸರಿನ ಆಸ್ಪತ್ರೆಗೆ ವಾರಕ್ಕೊಂದು ಸಲ ತಪ್ಪಿಸುತ್ತಾ ಹೋಗುವುದಕ್ಕಿಂತ, ಸಣ್ಣ ಸೆಂಟರ್‌ಗೆ ತಪ್ಪದೆ ಹೋಗುವುದು ಒಳ್ಳೆಯದು. ಹೊಸ ಸೆಂಟರ್‌ಗಳು ಎಲ್ಲಿ ತೆರೆಯುತ್ತವೆ ಎಂಬುದು ಇದೇ ಕಾರಣಕ್ಕೆ ಮುಖ್ಯ. ಮಂಗಳೂರಿನ ನಡುವೆ ಇನ್ನೂ ಹತ್ತು ಹಾಸಿಗೆ ಬಂದರೆ ಪಂಪ್‌ವೆಲ್‌ನವರಿಗೆ ಅನುಕೂಲ, ಬೈಂದೂರಿನವರ ದಿನ ಬದಲಾಗುವುದಿಲ್ಲ.

## ಕಂಪನಿಯ ಬೆಳವಣಿಗೆ

ಡಯಾಲಿಸಿಸ್‌ಗೆಂದೇ ಬೇರೆ ಕಂಪನಿ ಯಾಕೆ? ಆಸ್ಪತ್ರೆಯವರೇ ಮಾಡಬಹುದಲ್ಲಾ?

ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಆದರೆ ಡಯಾಲಿಸಿಸ್ ಉಳಿದ ಚಿಕಿತ್ಸೆಯ ಹಾಗಲ್ಲ. ಅದೇ ರೋಗಿ, ಅದೇ ವಾರ, ಅದೇ ಹೊತ್ತು, ವರ್ಷಗಟ್ಟಲೆ. ಒಂದು ಆಸ್ಪತ್ರೆಯಲ್ಲಿ ಐದಾರು ಮೆಷಿನ್ ಇದ್ದರೆ ಡಯಲೈಸರ್ ಕೊಳ್ಳುವಾಗ ಚೌಕಾಸಿ ಮಾಡುವ ಶಕ್ತಿ ಇರುವುದಿಲ್ಲ. ಒಬ್ಬ ಟೆಕ್ನಿಷಿಯನ್ ರಜೆ ಹಾಕಿದರೆ ಬದಲಿ ಇರುವುದಿಲ್ಲ. ನೂರು ಸೆಂಟರ್ ಇರುವವರಿಗೆ ಸಾಮಾನು ಕಡಿಮೆ ದರಕ್ಕೆ ಸಿಗುತ್ತದೆ, ಜನರನ್ನು ಅಲ್ಲಿಂದಿಲ್ಲಿಗೆ ಕಳಿಸಬಹುದು, ಎಲ್ಲ ಕಡೆ ಒಂದೇ ನಿಯಮ ಇಡಬಹುದು. ಆಸ್ಪತ್ರೆಗಳು ತಮ್ಮ ಘಟಕವನ್ನು ಇಂಥ ಕಂಪನಿಗೆ ವಹಿಸಿ, ಬಂದದ್ದನ್ನು ಹಂಚಿಕೊಳ್ಳುವ ಪದ್ಧತಿ ಬೆಳೆದದ್ದು ಹೀಗೆ.

ಇದು ಮೊದಲು ದೊಡ್ಡದಾಗಿ ಆದದ್ದು ಅಮೆರಿಕದಲ್ಲಿ. ವಿಲೆಮ್ ಕೋಲ್ಫ್ ನೆದರ್ಲ್ಯಾಂಡ್ಸ್‌ನಲ್ಲಿ 1943ರಲ್ಲಿ ಡಯಾಲಿಸಿಸ್ ಮೆಷಿನ್ ಮಾಡಿದಾಗ ಅದು ಏಕಾಏಕಿ ಕಿಡ್ನಿ ನಿಂತವರಿಗೆ ಮಾತ್ರ. ಪ್ರತಿ ಸಲ ರಕ್ತನಾಳ ಕೊಯ್ಯಬೇಕಿತ್ತು, ಹಾಗಾಗಿ ಜೀವನಪೂರ್ತಿ ಮಾಡುವುದು ಸಾಧ್ಯವೇ ಇರಲಿಲ್ಲ. 1960ರಲ್ಲಿ ಸಿಯಾಟಲ್‌ನ ಸ್ಕ್ರಿಬ್ನರ್ ಕೈಯಲ್ಲೇ ಉಳಿಯುವ ಕೊಳವೆ ಹಾಕಿದರು. 1966ರಲ್ಲಿ ನ್ಯೂಯಾರ್ಕ್‌ನ ವೈದ್ಯರು ಕೈಯ ಎರಡು ರಕ್ತನಾಳಗಳನ್ನು ಜೋಡಿಸುವ ಫಿಸ್ಟುಲಾ ವಿಧಾನ ಪ್ರಕಟಿಸಿದರು. ಆಮೇಲೆ 1972ರಲ್ಲಿ ಅಮೆರಿಕ ಸರಕಾರ ಡಯಾಲಿಸಿಸ್ ಖರ್ಚನ್ನು ತಾನೇ ಕೊಡುವ ಕಾನೂನು ಮಾಡಿತು. ಖರ್ಚು ಕೊಡುವವರು ಗಟ್ಟಿಯಾದ ಮೇಲೆ ಕಂಪನಿಗಳು ಬೆಳೆದವು. ಇಂದು ಫ್ರೆಸೀನಿಯಸ್, ಡಾವಿಟಾ ಎಂಬ ಎರಡು ಕಂಪನಿಗಳೇ ಅಲ್ಲಿನ ಹೆಚ್ಚಿನ ಡಯಾಲಿಸಿಸ್ ಮಾಡುತ್ತವೆ.

ನೆಫ್ರೋಪ್ಲಸ್‌ನವರು ಅಷ್ಟು ಬೇಗ ಹೇಗೆ ಬೆಳೆದದ್ದು?

2009ರ ಕೊನೆಗೆ ಹೈದರಾಬಾದಿನಲ್ಲಿ ನೆಫ್ರೋಪ್ಲಸ್ ಎಂಬ ಈ ಡಯಾಲಿಸಿಸ್ ಕಂಪನಿ ಹುಟ್ಟಿತು, ಮೊದಲ ಸೆಂಟರ್ 2010ರಲ್ಲಿ. ಅದನ್ನು ಶುರು ಮಾಡಿದ ವಿಕ್ರಮ್ ವುಪ್ಪಾಲ ಅಮೆರಿಕದಲ್ಲಿ ಮೆಕಿನ್ಸಿ ಎಂಬ ಸಲಹಾ ಕಂಪನಿಯಲ್ಲಿದ್ದವರು. ಅವರ ಜೊತೆ ನಿಂತ ಕಮಲ್ ಶಾ ಸ್ವತಃ 1997ರಿಂದ ಕಿಡ್ನಿ ಕಾಯಿಲೆಯೊಂದಿಗೆ ಬದುಕಿದವರು, ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ಕೆಲಸಕ್ಕೆ ಹೋಗುವುದು ಸಾಧ್ಯ ಎಂದು ತೋರಿಸಿದವರು. ರೋಗಿಯೊಬ್ಬರು ಕಂಪನಿ ಕಟ್ಟುವ ಜಾಗದಲ್ಲಿ ಕುಳಿತದ್ದು ದೊಡ್ಡ ವಿಷಯ ಎಂದು ನನಗನಿಸುತ್ತದೆ. ನಾಲ್ಕು ಗಂಟೆ ಆ ಕುರ್ಚಿಯಲ್ಲಿ ಕುಳಿತವರಿಗೆ ಗೊತ್ತಿರುವುದು ಲೆಕ್ಕಪತ್ರ ನೋಡುವವರಿಗೆ ಗೊತ್ತಾಗುವುದಿಲ್ಲ.

ಬೆಳವಣಿಗೆಗೆ ಕಾರಣಗಳು ಹಲವು. ಮೊದಲನೆಯದು, ಸ್ವಂತ ಕಟ್ಟಡ ಕಟ್ಟುವ ಬದಲು ಆಸ್ಪತ್ರೆಗಳ ಒಳಗೇ ಜಾಗ ಮಾಡಿಕೊಂಡದ್ದು. ಇದರಿಂದ ಹಾಕುವ ಬಂಡವಾಳ ಕಡಿಮೆ, ರೋಗಿಗಳು ಮೊದಲೇ ಇರುತ್ತಾರೆ, ತುರ್ತು ಬಂದರೆ ಪಕ್ಕದಲ್ಲೇ ಐಸಿಯು. ಎರಡನೆಯದು, 2016ರ ನಂತರ ರಾಜ್ಯ ಸರಕಾರಗಳ ಟೆಂಡರ್‌ಗಳು. ಆಂಧ್ರದಂಥ ರಾಜ್ಯಗಳಲ್ಲಿ ಸಣ್ಣ ಊರುಗಳಿಗೂ ಅವರು ಹೋದದ್ದು ಈ ದಾರಿಯಿಂದ. ಇನ್ನೊಂದು, ಹೊರಗಿನ ಬಂಡವಾಳ. ಬೆಸೆಮರ್, ವಿಶ್ವಬ್ಯಾಂಕ್ ಗುಂಪಿನ ಐಎಫ್‌ಸಿ, ಇನ್ವೆಸ್ಟ್‌ಕಾರ್ಪ್ ಎಂಬ ಹೂಡಿಕೆ ಸಂಸ್ಥೆಗಳು ಬೇರೆ ಬೇರೆ ಹಂತದಲ್ಲಿ ಹಣ ಹಾಕಿದವು. ಅಮೆರಿಕದ ಡಾವಿಟಾ ಭಾರತದಿಂದ ಹೊರಟಾಗ ಅದರ ಸೆಂಟರ್‌ಗಳನ್ನು 2018ರಲ್ಲಿ ಇವರೇ ಕೊಂಡರು. ಟೆಕ್ನಿಷಿಯನ್‌ಗಳು ಸಿಗದೆ ಇದ್ದಾಗ ಎನ್‌ಪಿಡಿಯಾ ಎಂಬ ತರಬೇತಿ ಸಂಸ್ಥೆಯನ್ನೇ ಮಾಡಿದರು. ನನ್ನ ಮಟ್ಟಿಗೆ ಬಹುಶಃ ಇದೇ ಎಲ್ಲಕ್ಕಿಂತ ಜಾಣತನದ ಹೆಜ್ಜೆ.

ಈಗ 500ಕ್ಕೂ ಹೆಚ್ಚು ಸೆಂಟರ್‌ಗಳಿವೆ. ನೇಪಾಳ, ಫಿಲಿಪ್ಪೀನ್ಸ್, ಉಜ್ಬೇಕಿಸ್ತಾನಕ್ಕೂ ಹೋಗಿದ್ದಾರೆ. 2025ರ ಡಿಸೆಂಬರ್‌ನಲ್ಲಿ ನೆಫ್ರೋಕೇರ್ ಹೆಲ್ತ್ ಸರ್ವಿಸಸ್ ಎಂಬ ಹೆಸರಿನಲ್ಲಿ ಷೇರು ಪೇಟೆಗೆ ಬಂದರು.

ನಮ್ಮಲ್ಲೇ ಇಷ್ಟು ರೋಗಿಗಳಿರುವಾಗ ಭಾರತದ ಕಂಪನಿ ಫಿಲಿಪ್ಪೀನ್ಸ್‌ಗೆ ಯಾಕೆ ಹೋಗ್ತದೆ?

ಅಲ್ಲಿನ ಸರಕಾರಿ ವಿಮೆ ವರ್ಷಕ್ಕೆ 156 ಡಯಾಲಿಸಿಸ್‌ಗೆ ಹಣ ಕೊಡುತ್ತದೆ. 52 ವಾರ, ವಾರಕ್ಕೆ ಮೂರು. 2024ರಲ್ಲಿ ಒಂದು ಡಯಾಲಿಸಿಸ್‌ನ ದರವನ್ನು 6,350 ಪೆಸೊಗೆ ಏರಿಸಿದರು. ನಮ್ಮ ಹಣದಲ್ಲಿ ಒಂಬತ್ತು ಸಾವಿರ ರೂಪಾಯಿಗೂ ಹೆಚ್ಚು. ನಮ್ಮಲ್ಲಿ ಸರಕಾರಿ ಯೋಜನೆಗಳ ದರ ಸಾವಿರದೈನೂರು ರೂಪಾಯಿಯ ಆಸುಪಾಸು. ಅದರಲ್ಲೇ ಡಯಲೈಸರ್, ನೀರು, ಸಂಬಳ ಎಲ್ಲ ಬರಬೇಕು.

ನಮ್ಮ ದರ ಕಡಿಮೆ ಇರುವುದರಿಂದ ಅದೇ ಬಜೆಟ್‌ನಲ್ಲಿ ಜಾಸ್ತಿ ಜನರಿಗೆ ತಲುಪಬಹುದು, ಅದು ಸರಿ. ಆದರೆ ದರ ಅತಿಯಾಗಿ ಇಳಿದರೆ ಉಳಿತಾಯ ಎಲ್ಲಿಂದ ಬರುತ್ತದೆ? ಟೆಕ್ನಿಷಿಯನ್ ಸಂಬಳದಿಂದ, ಡಯಲೈಸರ್‌ನ ಮರುಬಳಕೆಯಿಂದ, ನೀರಿನ ಪರೀಕ್ಷೆಯಿಂದ. ಟೆಂಡರ್‌ನಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆ ಬರೆದವರಿಗೇ ಕೆಲಸ ಕೊಡುವ ಪದ್ಧತಿ ಡಯಾಲಿಸಿಸ್‌ಗೆ ಹೊಂದುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಊರಲ್ಲಿ ನಾವು ನಾಲ್ಕು ಜನ ಸೇರಿ ಒಂದು ಸೆಂಟರ್ ಹಾಕಿದ್ರೆ ನಡೀತದಾ?

ಲೆಕ್ಕ ಹಾಕಿ ನೋಡಿ. ಒಂದು ಮೆಷಿನ್, ದಿನಕ್ಕೆ ಮೂರು ಪಾಳಿ, ವಾರಕ್ಕೆ ಆರು ದಿನ. ವಾರಕ್ಕೆ 18 ಡಯಾಲಿಸಿಸ್. ಎಲ್ಲರೂ ವಾರಕ್ಕೆ ಮೂರು ಸಲ ಬಂದರೆ ಒಂದು ಮೆಷಿನ್‌ಗೆ ಆರು ರೋಗಿಗಳು, ಎರಡು ಸಲ ಬಂದರೆ ಒಂಬತ್ತು. ಹತ್ತು ಮೆಷಿನ್ ಇದ್ದರೆ 60ರಿಂದ 90 ರೋಗಿಗಳು ಬೇಕು. ಮೆಷಿನ್, ಆರ್‌ಒ, ಬಾಡಿಗೆ, ಸಂಬಳ ಇವು ರೋಗಿ ಬಂದರೂ ಬಾರದಿದ್ದರೂ ಇರುವ ಖರ್ಚು. ಹಾಗಾಗಿ ಮೂರನೆಯ ಪಾಳಿ ತುಂಬಿದರೆ ಸೆಂಟರ್ ಉಳಿಯುತ್ತದೆ, ತುಂಬದಿದ್ದರೆ ನಷ್ಟ.

ನಮ್ಮ ಕಡೆ ಮೂರನೆಯ ಪಾಳಿ ತುಂಬುವುದೇ ಕಷ್ಟ. ಸಂಜೆ ಶುರುವಾದರೆ ಮುಗಿಯುವಾಗ ರಾತ್ರಿ, ಒಳಹಳ್ಳಿಗೆ ಬಸ್ಸಿಲ್ಲ. ಜುಲೈ ತಿಂಗಳ ಮಳೆಯಲ್ಲಿ ಯಾರು ಬರುತ್ತಾರೆ? ಸೆಂಟರ್ ಹಾಕುವವರು ಮೊದಲ ದಿನದಿಂದಲೇ ಒಂದು ವ್ಯಾನಿನ ಖರ್ಚನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ಮತ್ತೊಂದು, ವಾರಕ್ಕೊಮ್ಮೆಯಾದರೂ ಬಂದು ನೋಡುವ ನೆಫ್ರಾಲಜಿಸ್ಟ್ ಸಿಗದಿದ್ದರೆ ಶುರು ಮಾಡಬೇಡಿ.

ದೇವಸ್ಥಾನದವರು, ರೋಟರಿಯವರು ಮೆಷಿನ್ ದಾನ ಕೊಡ್ತಾರಲ್ಲಾ, ಅದು ಸಾಲುದಿಲ್ವಾ?

ದಾನ ಕೊಡುವ ಗುಣ ನಮ್ಮ ಎರಡೂ ಜಿಲ್ಲೆಗಳ ದೊಡ್ಡ ಶಕ್ತಿ. ದೇವಸ್ಥಾನ, ಚರ್ಚ್, ಮಸೀದಿ, ಕ್ಲಬ್, ಮುಂಬೈ ಮತ್ತು ಗಲ್ಫ್‌ನಲ್ಲಿರುವ ನಮ್ಮವರು ಎಲ್ಲರೂ ಕೊಟ್ಟಿದ್ದಾರೆ. ಆದರೆ ಮೆಷಿನ್ ಎನ್ನುವುದು ಖರ್ಚಿನ ಶುರು ಮಾತ್ರ. ಆಮೇಲೆ ಪ್ರತಿ ಸಲಕ್ಕೂ ಸೂಜಿ, ರಕ್ತದ ಟ್ಯೂಬು, ದ್ರಾವಣ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೇಕು. ಮೆಷಿನ್ ಕೆಟ್ಟರೆ ಬಿಡಿಭಾಗ ಬೇಕು. ಇವೆಲ್ಲ ಇದ್ದೂ ನಡೆಸುವವರಿಲ್ಲದಿದ್ದರೆ ಮೆಷಿನ್ ಸುಮ್ನೆ ಪ್ಲಾಸ್ಟಿಕ್ ಹೊದ್ದು ಮೂಲೆಯಲ್ಲಿರುತ್ತದೆ.

ದಾನಿಗಳಲ್ಲಿ ನನ್ನ ವಿನಂತಿ: ಇನ್ನೊಂದು ಮೆಷಿನ್ ಕೊಡುವ ಮೊದಲು ಆಸ್ಪತ್ರೆಯವರನ್ನು ಕೇಳಿ. ಅವರಿಗೆ ಬೇಕಾದದ್ದು ಒಬ್ಬ ಟೆಕ್ನಿಷಿಯನ್‌ನ ಮೂರು ವರ್ಷದ ಸಂಬಳ ಇರಬಹುದು, ಜನರೇಟರ್ ಇರಬಹುದು, ಬಡ ರೋಗಿಗಳ ಬಸ್ ಖರ್ಚು ಇರಬಹುದು. ಇವುಗಳ ಮೇಲೆ ಹೆಸರು ಕೆತ್ತಿಸಲು ಜಾಗ ಇರುವುದಿಲ್ಲ, ಆದರೆ ರೋಗಿಗೆ ಮುಟ್ಟುವುದು ಇವೇ.

ಕಾಯಿಲೆಯವರಿಂದ ಲಾಭ ಮಾಡುವುದು ತಪ್ಪಲ್ವಾ?

ಈ ಪ್ರಶ್ನೆಯನ್ನು ಸಿಟ್ಟಿನಲ್ಲಿ ಕೇಳುವವರೇ ಜಾಸ್ತಿ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಲಾಭವೇ ಇಲ್ಲದ ಸೆಂಟರ್ ಮುಚ್ಚುತ್ತದೆ. ಅಂಗಡಿ ಮುಚ್ಚಿದರೆ ಇನ್ನೊಂದು ಅಂಗಡಿಗೆ ಹೋಗಬಹುದು, ಡಯಾಲಿಸಿಸ್ ಸೆಂಟರ್ ಮುಚ್ಚಿದರೆ ರೋಗಿಗೆ ನಾಲ್ಕು ದಿನ ಕಾಯುವುದಕ್ಕೂ ಆಗುವುದಿಲ್ಲ.

ನಾನು ತಪ್ಪು ಎನ್ನುವುದು ಬೇರೆಯದಕ್ಕೆ. ನಾಲ್ಕು ಗಂಟೆಯ ಜಾಗದಲ್ಲಿ ಮೂರು ಗಂಟೆಗೇ ಇಳಿಸಿ ಮುಂದಿನ ರೋಗಿಯನ್ನು ಹತ್ತಿಸುವುದು ತಪ್ಪು. ಕಸಿಗೆ ಯೋಗ್ಯರಾದ ಕಿರಿಯ ವಯಸ್ಸಿನವರಿಗೆ ಆ ವಿಷಯವನ್ನೇ ಹೇಳದಿರುವುದು ತಪ್ಪು. ಕಂಪನಿ ಸರಿ ಇದೆಯೋ ಇಲ್ಲವೋ ಎಂದು ಲಾಭದ ಅಂಕೆ ಹೇಳುವುದಿಲ್ಲ. ರೋಗಿಯನ್ನು ಎಷ್ಟು ಹೊತ್ತು ಮೆಷಿನ್ ಮೇಲೆ ಇಟ್ಟರು ಎಂಬ ದಾಖಲೆ ಹೇಳುತ್ತದೆ.

## ಒಳಗಿನ ಗುಣಮಟ್ಟ

ನೀರು ನೀರು ಅಂತ ಯಾಕೆ ಅಷ್ಟು ಹೇಳ್ತೀರಿ? ಕುಡಿಯುವ ನೀರು ಸಾಕಲ್ವಾ?

ಸಾಲದು. ದ್ರಾವಣ ನಿಮಿಷಕ್ಕೆ ಅರ್ಧ ಲೀಟರಿನಂತೆ ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್. ನಾವು ನೀರು ಕುಡಿದಾಗ ಹೊಟ್ಟೆ, ಕರುಳು ಒಂದಿಷ್ಟು ತಡೆಯುತ್ತವೆ. ಇಲ್ಲಿ ರಕ್ತಕ್ಕೂ ನೀರಿಗೂ ನಡುವೆ ತೆಳು ಪೊರೆ ಮಾತ್ರ. ನಲ್ಲಿ ನೀರಿಗೆ ಹಾಕುವ ಕ್ಲೋರಿನ್ ಮತ್ತು ಕ್ಲೋರಮಿನ್ ನಮಗೆ ಒಳ್ಳೆಯದು, ರೋಗಿಯ ರಕ್ತಕ್ಕೆ ಸೇರಿದರೆ ಕೆಂಪು ಕಣಗಳು ಒಡೆಯುತ್ತವೆ. ಬ್ಯಾಕ್ಟೀರಿಯಾದ ವಿಷ ಸೇರಿದರೆ ಚಳಿಜ್ವರ ಬಂದು ಬಿಪಿ ಕುಸಿಯುತ್ತದೆ. ಆದ್ದರಿಂದ ಮೊದಲು ಇದ್ದಿಲಿನ ಫಿಲ್ಟರ್, ಆಮೇಲೆ ಆರ್‌ಒ. ದಿನವೂ ಕ್ಲೋರಿನ್ ಪರೀಕ್ಷೆ, ನಿಗದಿತ ಅವಧಿಗೆ ಬ್ಯಾಕ್ಟೀರಿಯಾ ಪರೀಕ್ಷೆ.

ಇದರಲ್ಲಿ ನಮ್ಮ ಊರಿನ ಕಷ್ಟವೂ ಸೇರಿದೆ. ಮಂಗಳೂರಿಗೆ ನೀರು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ. ಮಳೆ ತಡವಾದರೆ ಎರಡೂ ಬತ್ತುತ್ತವೆ. 2019ರ ಬೇಸಿಗೆಯಲ್ಲಿ ಎರಡೂ ಕಡೆ ಸರದಿಯಂತೆ ಕೆಲವು ದಿನ ಮಾತ್ರ ನೀರು ಬಿಡುವ ಪರಿಸ್ಥಿತಿ ಬಂದಿತ್ತು. ಹತ್ತು ಮೆಷಿನ್, ಮೂರು ಪಾಳಿ ಇದ್ದರೆ ದಿನಕ್ಕೆ 3,600 ಲೀಟರ್ ಶುದ್ಧ ನೀರು ಬೇಕು. ಆರ್‌ಒದಲ್ಲಿ ಅರ್ಧದಷ್ಟು ಹೊರಗೆ ಹೋಗುತ್ತದೆ ಎಂದಿಟ್ಟುಕೊಂಡರೆ ತರಬೇಕಾದದ್ದು 7,200 ಲೀಟರ್. ಮೇ ತಿಂಗಳಲ್ಲಿ ಟ್ಯಾಂಕರ್ ನೀರು ಬಂದಾಗ ಅದು ಯಾವ ಬಾವಿಯದ್ದೋ ಯಾರಿಗೆ ಗೊತ್ತು? ಸಮುದ್ರದ ಹತ್ತಿರದ ಬಾವಿಗಳಲ್ಲಿ ಉಪ್ಪು ಏರಿರುತ್ತದೆ, ಆರ್‌ಒ ಪೊರೆ ಬೇಗ ಹಾಳಾಗುತ್ತದೆ. ನೀರಿನ ಮೂಲ ಬದಲಾದ ದಿನವೇ ಪರೀಕ್ಷೆಯನ್ನೂ ಮತ್ತೆ ಮಾಡುವ ಸೆಂಟರ್ ನಂಬಿಕೆಗೆ ಯೋಗ್ಯ. ಹೊರಗೆ ಹೋಗುವ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಬಹುದು. ಹೊಸ ಸೆಂಟರ್‌ಗೆ ಅನುಮತಿ ಕೊಡುವಾಗಲೇ ಇದನ್ನು ಕಡ್ಡಾಯ ಮಾಡಬೇಕು.

ಡಯಲೈಸರ್ ತೊಳೆದು ಮತ್ತೆ ಹಾಕ್ತಾರಂತೆ. ಬೇರೆಯವರದ್ದನ್ನು ಹಾಕಿದ್ರೆ?

ಬೇರೆಯವರದ್ದನ್ನು ಹಾಕುವಂತಿಲ್ಲ. ಅದೇ ರೋಗಿಯ ಡಯಲೈಸರನ್ನು ರಾಸಾಯನಿಕದಿಂದ ತೊಳೆದು, ಹೆಸರು ಬರೆದಿಟ್ಟು, ಅವರಿಗೇ ಕೆಲವು ಸಲ ಬಳಸುವ ಪದ್ಧತಿ ನಮ್ಮ ದೇಶದಲ್ಲಿ ಇದೆ. ಸರಿಯಾಗಿ ಮಾಡಿದರೆ ನಡೆಯುತ್ತದೆ. ಆದರೆ ಸರಿಯಾಗಿ ಮಾಡಲು ಜನ, ಹೊತ್ತು, ಒಳ್ಳೆಯ ನೀರು ಮೂರೂ ಬೇಕು. ಕರ್ನಾಟಕ ಸರಕಾರ ತನ್ನ ಸೆಂಟರ್‌ಗಳಲ್ಲಿ ಒಂದೇ ಸಲ ಬಳಸಿ ಬಿಸಾಡುವ ಡಯಲೈಸರ್ ತಂದದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಖಾಸಗಿಯಲ್ಲಿ ಮಾಡಿಸುವವರು ಡಯಲೈಸರ್ ಮೇಲೆ ತಮ್ಮ ಹೆಸರು, ಎಷ್ಟನೆಯ ಸಲ ಎಂಬುದನ್ನು ಸೂಜಿ ಹಾಕುವ ಮೊದಲೇ ಓದಿ. ಹೆಪಟೈಟಿಸ್ ಬಿ, ಸಿ ಇರುವವರಿಗೆ ಬೇರೆ ಮೆಷಿನ್ ಇದೆಯಾ ಎಂದೂ ಕೇಳಿ. ಕೇಳಿದ್ದಕ್ಕೆ ಸಿಡುಕಿದರೆ, ಆ ಸೆಂಟರ್ ಬಗ್ಗೆ ಇನ್ನೊಮ್ಮೆ ಯೋಚಿಸಿ.

ಕುತ್ತಿಗೆಯಲ್ಲಿ ಪೈಪ್ ಹಾಕಿದ್ದಾರೆ. ಅದೇ ಇದ್ರೆ ಆಗುದಿಲ್ವಾ? ಕೈಯಲ್ಲಿ ಆಪರೇಷನ್ ಬೇಕಂತೆ.

ಕೈಯ ಆಪರೇಷನ್ ಮಾಡಿಸಿ, ಬೇಗ ಮಾಡಿಸಿ. ಕುತ್ತಿಗೆಯ ಪೈಪು ತುರ್ತಿಗೆ. ಅದರಿಂದ ರಕ್ತಕ್ಕೆ ಸೋಂಕು ತಗಲುವ ಅಪಾಯ ಜಾಸ್ತಿ, ನಮ್ಮ ಸೆಕೆ–ಬೆವರಿನಲ್ಲಿ ಆ ಜಾಗ ಒಣಗಿಟ್ಟುಕೊಳ್ಳುವುದೂ ಕಷ್ಟ. ಫಿಸ್ಟುಲಾ ಎಂದರೆ ಕೈಯ ಶುದ್ಧ ರಕ್ತನಾಳವನ್ನು ಅಶುದ್ಧ ರಕ್ತನಾಳಕ್ಕೆ ಜೋಡಿಸುವುದು. ಬಲಿಯಲು ಆರು ವಾರವೋ ಅದಕ್ಕೂ ಹೆಚ್ಚೋ ಬೇಕು. ಆ ಕೈಯಲ್ಲಿ ಬಿಪಿ ನೋಡಿಸಬೇಡಿ, ರಕ್ತ ತೆಗೆಸಬೇಡಿ, ಭಾರ ಹೊರಬೇಡಿ.

ಮಗಳಿಗೆ ಡಯಾಲಿಸಿಸ್ ಟೆಕ್ನಾಲಜಿ ಕೋರ್ಸ್ ಸಿಕ್ಕಿದೆ. ಸೇರಿಸಬಹುದಾ?

ಧೈರ್ಯವಾಗಿ ಸೇರಿಸಿ. ಮಣಿಪಾಲದಲ್ಲಿ ಇದಕ್ಕೆ ಪದವಿ ಇದೆ, ಮಂಗಳೂರಿನ ಕಾಲೇಜುಗಳಲ್ಲೂ ಇದೆ. ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. 2021ರಲ್ಲಿ ಇಂಥ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾನೂನೂ ಬಂತು. ಕೆಲಸ ಸುಲಭವಲ್ಲ. ಬೆಳಗ್ಗಿನ ಪಾಳಿಗೆ ಕತ್ತಲಲ್ಲೇ ಹೊರಡಬೇಕು, ವರ್ಷಗಳ ಕಾಲ ನೋಡಿಕೊಂಡ ರೋಗಿ ಒಂದು ದಿನ ಬಾರದಿದ್ದಾಗ ತಡೆದುಕೊಳ್ಳಬೇಕು. ಕಂಪನಿಗಳ ಬೆಳವಣಿಗೆಗೆ ಇಂದು ದೊಡ್ಡ ತಡೆ ಮೆಷಿನ್ ಅಲ್ಲ, ಇಂಥ ಟೆಕ್ನಿಷಿಯನ್‌ಗಳ ಕೊರತೆ. ಇಲ್ಲಿ ಕಲಿತವರಲ್ಲಿ ಎಷ್ಟೋ ಮಂದಿ ಗಲ್ಫ್‌ಗೆ ಹೋಗುತ್ತಾರೆ. ಅವರನ್ನು ದೂರುವುದು ಸರಿಯಲ್ಲ. ಇಲ್ಲೇ ಮರ್ಯಾದೆಯ ಸಂಬಳ ಕೊಟ್ಟರೆ ಉಳಿಯುತ್ತಾರೆ.

## ಇನ್ನೂ ಆಳದ ಪ್ರಶ್ನೆಗಳು

ಸರಕಾರ ಕಂಪನಿಗೆ ಹಣ ತಡವಾಗಿ ಕೊಟ್ರೆ ನಮಗೆ ಎಂತ ಆಗ್ತದೆ?

ಮೊದಲು ಸಂಬಳ ನಿಲ್ಲುತ್ತದೆ. ಆಮೇಲೆ ಡಯಲೈಸರ್ ಕೊರತೆ. ಕೊನೆಗೆ "ಮೆಷಿನ್ ಕೆಟ್ಟಿದೆ, ನಾಳೆ ಬನ್ನಿ" ಎಂಬ ಮಾತು. ಕರ್ನಾಟಕದ ಸರಕಾರಿ ಆಸ್ಪತ್ರೆಗಳ ಡಯಾಲಿಸಿಸ್ ಸಿಬ್ಬಂದಿ ಬಾಕಿ ಸಂಬಳಕ್ಕಾಗಿ ಮುಷ್ಕರಕ್ಕೆ ಇಳಿದದ್ದು ಪತ್ರಿಕೆಗಳಲ್ಲಿ ಬಂದದ್ದೇ. ಟೆಂಡರ್ ಪಡೆದವರು ಸೋತರೆ ಅಥವಾ ಒಪ್ಪಂದ ಮುಗಿದರೆ ಮೆಷಿನ್ ಯಾರದ್ದು, ಮಾರನೆಯ ದಿನದಿಂದ ಸೂಜಿ ಹಾಕುವವರು ಯಾರು ಎಂಬುದು ಒಪ್ಪಂದದಲ್ಲೇ ಇರಬೇಕು. ಬೇಗ ಬೆಳೆಯುವ ಕಂಪನಿಗೆ ಕೈಯಲ್ಲಿ ನಗದು ಕಡಿಮೆ, ಸರಕಾರದಿಂದ ಬರಬೇಕಾದ ಬಾಕಿ ಜಾಸ್ತಿ. ಆ ಸೆಳೆತದಲ್ಲಿ ಸಿಕ್ಕಿಕೊಳ್ಳುವುದು ತಾಲೂಕು ಆಸ್ಪತ್ರೆಯ ರೋಗಿ. ನಿಮ್ಮ ಸೆಂಟರ್‌ನಲ್ಲಿ ಇಂಥ ಸುಳಿವು ಕಂಡರೆ, ಪೂರ್ತಿ ನಿಲ್ಲುವ ತನಕ ಕಾಯದೆ ಎರಡನೆಯ ಸೆಂಟರ್‌ನಲ್ಲಿ ಹೆಸರು ಬರೆಸಿಡಿ.

ಈ ಕಂಪನಿಗಳ ಷೇರು ತೆಗೊಳ್ಳಬಹುದಾ?

ಹೂಡಿಕೆ ಸಲಹೆ ನನ್ನ ಕೆಲಸವಲ್ಲ. ಓದುವವರು ಎರಡು ವಿಷಯ ನೋಡಿಕೊಳ್ಳಿ. ಐಪಿಒದಲ್ಲಿ, ಅಂದರೆ ಕಂಪನಿ ಮೊದಲ ಸಲ ಜನರಿಗೆ ಷೇರು ಮಾರಿದಾಗ, ಬಂದ ಹಣವೆಲ್ಲ ಕಂಪನಿಗೆ ಹೋಗುವುದಿಲ್ಲ. ನೆಫ್ರೋಪ್ಲಸ್ ವಿಷಯದಲ್ಲೂ ಒಂದು ಭಾಗ ಹೊಸ ಸೆಂಟರ್ ಮತ್ತು ಸಾಲ ತೀರಿಸಲು, ಇನ್ನೊಂದು ಭಾಗ ಹಳೆಯ ಹೂಡಿಕೆದಾರರು ತಮ್ಮ ಷೇರು ಮಾರಿಕೊಂಡದ್ದು. ಇನ್ನೊಂದು, ಸೆಂಟರ್‌ಗಳ ಸಂಖ್ಯೆಯ ಜೊತೆಗೆ ಪ್ರತಿ ಮೆಷಿನ್ ಎಷ್ಟು ಪಾಳಿ ಓಡುತ್ತಿದೆ, ಸರಕಾರಗಳಿಂದ ಎಷ್ಟು ಬಾಕಿ ಇದೆ ಎಂಬುದನ್ನೂ ಓದಿ.

ಮನೆಯಲ್ಲೇ ಹೊಟ್ಟೆಗೆ ನೀರು ಹಾಕಿ ಮಾಡುವ ಡಯಾಲಿಸಿಸ್ ಉಂಟಂತೆ. ಅದನ್ನು ಯಾರೂ ಯಾಕೆ ಹೇಳುದಿಲ್ಲ?

ಅದು ಪೆರಿಟೋನಿಯಲ್ ಡಯಾಲಿಸಿಸ್. ಹೊಟ್ಟೆಗೆ ಒಂದು ಮೆದು ಕೊಳವೆ ಹಾಕಿರುತ್ತಾರೆ. ಎರಡು ಲೀಟರ್ ದ್ರಾವಣ ಒಳಗೆ ಬಿಟ್ಟು, ಕೆಲವು ಗಂಟೆ ಇಟ್ಟು, ಹೊರಗೆ ತೆಗೆಯುವುದು, ದಿನಕ್ಕೆ ಮೂರು ನಾಲ್ಕು ಸಲ. ಬಸ್ಸಿಲ್ಲ, ಸೂಜಿಯಿಲ್ಲ, ಆರ್‌ಒ ನೀರು ಬೇಡ. ಮಳೆಗಾಲದಲ್ಲಿ ದಾರಿ ಮುಚ್ಚುವ ಘಟ್ಟದ ಬುಡದ ಹಳ್ಳಿಗಳಿಗೆ ಇದು ವರವಾಗಬಹುದು. ಹಾಂಗ್‌ಕಾಂಗ್‌ನಲ್ಲಿ 1985ರಿಂದಲೂ ಮೊದಲ ಆಯ್ಕೆ ಇದೇ.

ನಮ್ಮಲ್ಲಿ ಹಿಂದೆ ಬಿದ್ದದ್ದಕ್ಕೆ ದ್ರಾವಣದ ಚೀಲಗಳ ಬೆಲೆ ಒಂದು ಕಾರಣ, ಹೊಟ್ಟೆಯೊಳಗೆ ಸೋಂಕಾಗುವ ಭಯ ಇನ್ನೊಂದು. ಕೈ ತೊಳೆದು, ಶುಚಿಯಾಗಿ ಮಾಡುವ ತರಬೇತಿ ಮನೆಯವರಿಗೆ ಬೇಕು. ಮೂರನೆಯ ಕಾರಣವನ್ನೂ ಮುಚ್ಚಿಡಬಾರದು: ಕುರ್ಚಿ ತುಂಬಿದರೆ ಮಾತ್ರ ಉಳಿಯುವ ಸೆಂಟರ್‌ಗೆ, ರೋಗಿ ಮನೆಯಲ್ಲೇ ಉಳಿಯುವುದರಿಂದ ಲಾಭ ಇಲ್ಲ. 2019ರಲ್ಲಿ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಇದನ್ನೂ ಸೇರಿಸಿದ್ದಾರೆ. ನಿಮ್ಮ ಡಾಕ್ಟರನ್ನು ನೀವೇ ಬಾಯಿಬಿಟ್ಟು ಕೇಳಿ.

ಕಿಡ್ನಿ ಕಸಿ ಜಾಸ್ತಿಯಾದ್ರೆ ಈ ಸೆಂಟರ್‌ಗಳೆಲ್ಲ ಬೇಡ ಆಗ್ತದಾ?

ಹಾಗಾಗಲಿ ಎಂದೇ ನನ್ನ ಆಸೆ, ಆದರೆ ಹತ್ತಿರದಲ್ಲಿ ಆಗುವುದಿಲ್ಲ. 1994ರ ಅಂಗಾಂಗ ಕಸಿ ಕಾನೂನಿನಂತೆ ಹತ್ತಿರದ ಸಂಬಂಧಿಕರು ಕಿಡ್ನಿ ಕೊಡಬಹುದು. ಮಿದುಳು ನಿಷ್ಕ್ರಿಯವಾದವರ ಮನೆಯವರು ಒಪ್ಪಿದರೆ ಅವರಿಂದಲೂ ಪಡೆಯಬಹುದು. ಕರ್ನಾಟಕದಲ್ಲಿ ಹಾಗೆ ಕಿಡ್ನಿಗಾಗಿ ಕಾಯುವವರ ಪಟ್ಟಿ ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ. ಹೆಸರು ಬರೆಸಬೇಕಾದದ್ದು ಕಸಿ ಮಾಡುವ ಆಸ್ಪತ್ರೆಯ ಮೂಲಕ. ಕಾಯುವ ಅವಧಿ ವರ್ಷಗಟ್ಟಲೆ ಆಗಬಹುದು. ಅಷ್ಟೂ ಕಾಲ ಡಯಾಲಿಸಿಸ್ ಚೆನ್ನಾಗಿ ನಡೆದರೆ ಮಾತ್ರ ಕರೆ ಬಂದ ದಿನ ರೋಗಿ ಆಪರೇಷನ್‌ಗೆ ತಯಾರಿರುತ್ತಾರೆ. ಹಾಗಾಗಿ ನಲವತ್ತು ಐವತ್ತರ ಒಳಗಿನವರು, ಹೃದಯ ಗಟ್ಟಿಯಿರುವವರು, ಡಯಾಲಿಸಿಸ್ ಶುರುವಾದ ಮೊದಲ ತಿಂಗಳಲ್ಲೇ ಕಸಿಯ ಬಗ್ಗೆ ಕೇಳಿ. ರಕ್ತದ ಗುಂಪು, ಹೆಪಟೈಟಿಸ್, ಹೃದಯದ ಪರೀಕ್ಷೆಗಳ ಕಾಗದ ಒಂದೇ ಫೈಲಿನಲ್ಲಿಡಿ. ಫೋನ್ ನಂಬರ್ ಬದಲಾದರೆ ಆಸ್ಪತ್ರೆಯ ಕಸಿ ಸಂಯೋಜಕರಿಗೆ ಅದೇ ದಿನ ತಿಳಿಸಿ.